ಕಿರು ವಿಡಿಯೊ ಹಂಚುವವರಿಗೆ ಒಂಬತ್ತು ಸೂತ್ರ

ಬೆಳಿಗ್ಗೆ ಮನೆಯವರ ವಾಟ್ಸ್‌ಆ್ಯಪ್ ಗುಂಪು ತೆರೆದರೆ ಏಳೆಂಟು ವಿಡಿಯೊ ಬಂದು ಕೂತಿರುತ್ತವೆ. ಕಳಿಸಿದವರು ಪೂರ್ತಿ ನೋಡಿರುವುದಿಲ್ಲ, ಉಳಿದವರು ತೆರೆದೇ ಇರುವುದಿಲ್ಲ. ಆದರೂ ಕೆಳಗೆ ಕೈಮುಗಿದ ಗುರುತುಗಳ ಸಾಲು! ಮೆಚ್ಚಿದ್ದನ್ನು ನಾಲ್ಕು ಜನಕ್ಕೆ ತೋರಿಸಬೇಕೆಂಬ ಆಸೆ ಒಳ್ಳೆಯದೇ. ಆದರೆ ಬೆರಳು ಒತ್ತಿದ ಮಾತ್ರಕ್ಕೆ ಹಂಚಿದಂತಾಗುವುದಿಲ್ಲ. ಕಳಿಸುವವರೂ ಸ್ವಲ್ಪ ಮೈಬಗ್ಗಿಸಬೇಕು. ಹಾಗೆಯೇ, ಬೇರೆಯವರದ್ದನ್ನೇ ಎಷ್ಟು ದಿನ ಸಾಗಿಸುತ್ತೀರಿ? ನಿಮ್ಮದೂ ಒಂದಿರಲಿ.

1. ಕೊನೆಯವರೆಗೆ ನೋಡಿ, ಆಮೇಲೆ ಕಳಿಸಿ

ಮೂವತ್ತು ಸೆಕೆಂಡಿನದೇ ಆದರೂ ಕೊನೆ ಮುಟ್ಟಿಸಿ. ಚೆಂದದ ಅಡುಗೆ ಎಂದು ಅತ್ತೆಗೆ ಕಳಿಸಿದ್ದು ಕೊನೆಗೆ ಬೊಜ್ಜು ಕರಗಿಸುವ ಪುಡಿಯ ಜಾಹೀರಾತಾಗಿ ತಿರುಗಿದರೆ, ಅದಕ್ಕೆ ಉತ್ತರ ಹೇಳಬೇಕಾದವರು ನೀವೇ.

2. ಏನನ್ನು ನೋಡಬೇಕೆಂದು ಒಂದು ಸಾಲು ಬರೆಯಿರಿ

‘ಸೂಪರ್’, ‘ಮಿಸ್ ಮಾಡಬೇಡಿ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಅಮೆರಿಕದಲ್ಲಿ ಪೆಸ್ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಅನಿಮೇಷನ್ ಕಲಾವಿದನೊಬ್ಬ 2012ರಲ್ಲಿ ‘ಫ್ರೆಶ್ ಗ್ವಾಕಮೋಲೆ’ ಎಂಬ ಚಿತ್ರ ಮಾಡಿದ. ಪೂರಾ ಎರಡು ನಿಮಿಷವೂ ಇಲ್ಲ. ಬೆಣ್ಣೆಹಣ್ಣಿನ ಚಟ್ನಿ ಅರೆಯುವುದಷ್ಟೇ ಕಥೆ. ಆದರೆ ಹಣ್ಣಿನ ಜಾಗದಲ್ಲಿ ಕೈಬಾಂಬು, ಈರುಳ್ಳಿಯ ಜಾಗದಲ್ಲಿ ಬೇಸ್‌ಬಾಲ್. ಆಸ್ಕರ್‌ಗೆ ನಾಮನಿರ್ದೇಶನಗೊಂಡಾಗ, ಆವರೆಗೆ ಆ ಪಟ್ಟಿ ಸೇರಿದ ಚಿತ್ರಗಳಲ್ಲೆಲ್ಲ ಅತಿ ಚಿಕ್ಕದು ಅನ್ನಿಸಿಕೊಂಡಿತು. ಇದನ್ನು ತಂಗಿಗೆ ಕಳಿಸುವಾಗ ಈ ಚರಿತ್ರೆಯೆಲ್ಲ ಬೇಡ. ‘ಚೆಂಡನ್ನು ಹೆಚ್ಚಿದಾಗ ಏನು ಉದುರುತ್ತೆ ನೋಡು’ ಎಂದು ಬರೆಯಿರಿ, ಸಾಕು. ಅವಳು ತೆರೆಯದೆ ಇರಲಾರಳು. (ಏನು ಉದುರುತ್ತದೆ ಎಂದು ಇಲ್ಲಿಯೂ ಹೇಳುವುದಿಲ್ಲ.)

3. ಫೈಲ್ ಬೇಡ, ಲಿಂಕ್ ಕಳಿಸಿ

ವಾಟ್ಸ್‌ಆ್ಯಪ್ ಕಳಿಸಿದ ವಿಡಿಯೊವನ್ನು ಕುಗ್ಗಿಸುತ್ತದೆ. ನಾಲ್ಕು ಕೈ ದಾಟುವಷ್ಟರಲ್ಲಿ ಮುಖಗಳು ಮಸುಕಾಗಿ, ಮೂಲೆಯಲ್ಲಿ ಯಾರ‍್ಯಾರದೋ ಚಾನೆಲ್ಲಿನ ಮುದ್ರೆ ಬಿದ್ದು, ಮಾಡಿದವರ ಹೆಸರು ಅಳಿಸಿಹೋಗಿರುತ್ತದೆ. ನನ್ನ ಲೆಕ್ಕದಲ್ಲಿ ಇದು ಕಳ್ಳತನವೇ, ಯಾರೂ ಹಾಗೆಂದು ಕರೆಯುವುದಿಲ್ಲ ಅಷ್ಟೆ. ಮೂಲ ಚಾನೆಲ್ ಹುಡುಕುವುದಕ್ಕೆ ಹೆಚ್ಚು ಹೊತ್ತು ಬೇಡ. ಲಿಂಕ್ ಹಾಕಿ, ಮಾಡಿದವರ ಹೆಸರು ಬರೆಯಿರಿ. ಸ್ವಾರಸ್ಯ ಮಧ್ಯದಲ್ಲೆಲ್ಲೋ ಇದ್ದರೆ, ಯೂಟ್ಯೂಬಿನಲ್ಲಿ ಅದೇ ಕ್ಷಣದಿಂದ ಶುರುವಾಗುವಂತೆ ಲಿಂಕ್ ಮಾಡಿಕೊಳ್ಳುವ ಸೌಲಭ್ಯವೂ ಇದೆ.

4. ಗುಂಪಿಗಿಂತ ಒಬ್ಬರು ಮೇಲು

ಇನ್ನೂರು ಜನರಿಗೆ ಬಂದದ್ದು ತನಗೇ ಬಂದದ್ದೆಂದು ಯಾರೂ ತಿಳಿಯುವುದಿಲ್ಲ. ಹಕ್ಕಿಗಳ ವಿಡಿಯೊ ಹಕ್ಕಿ ನೋಡುವ ಗೆಳೆಯನಿಗೆ ಹೋಗಲಿ, ಮರಗೆಲಸದ್ದು ಗರಗಸ ಹಿಡಿಯುವ ಭಾವನಿಗೆ. ಇನ್ನೊಂದು ಮಾತು: ವದಂತಿ ವಿಡಿಯೊಗಳನ್ನು ನಂಬಿ ಜನ ಅಮಾಯಕರನ್ನು ಹೊಡೆದು ಕೊಂದ ಘಟನೆಗಳ ಬೆನ್ನಲ್ಲೇ, 2018ರಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದೆಂದು ಕಟ್ಟು ಹಾಕಿತು. 2020ರಲ್ಲಿ, ಐದಾರು ಕೈ ದಾಟಿ ಬಂದದ್ದನ್ನು ಒಂದೇ ಕಡೆಗೆ ಎಂದು ಬಿಗಿ ಮಾಡಿತು. ಅಂಥವುಗಳ ಮೇಲೆ ಜೋಡಿ ಬಾಣದ ಗುರುತಿರುತ್ತದೆ. ಅದು ಕಂಡಲ್ಲಿ ಕೈ ತಡೆಯಿರಿ. ಸುದ್ದಿ ಸುಳ್ಳಾಗದಿದ್ದರೂ ಹಳಸಿರುತ್ತದೆ.

5. ಎಷ್ಟು ಹೊತ್ತಿನದು ಎಂದು ಮೊದಲೇ ಹೇಳಿ

ಸತ್ಯಜಿತ್ ರಾಯ್ ಅವರ 1964ರ ‘ಟೂ’ ಒಂದೂ ಮಾತಿಲ್ಲದ ಚಿತ್ರ. ಬಂಗಲೆಯ ಹುಡುಗ ಒಳಗೆ, ಗುಡಿಸಲಿನ ಹುಡುಗ ಹೊರಗೆ, ನಡುವೆ ಕಿಟಕಿ. ಆಟಿಕೆಗಳಲ್ಲೇ ಯುದ್ಧ. ಕಾಲು ಗಂಟೆಯೊಳಗೆ ಮುಗಿಯುತ್ತದೆ, ಆದರೆ ರೀಲ್ಸ್ ತಳ್ಳುವ ಬೆರಳಿಗೆ ಕಾಲು ಗಂಟೆ ಎಂದರೆ ಯುಗ. ‘ಊಟ ಮುಗಿಸಿ ಕೂತು ನೋಡಿ’ ಎಂದು ಬರೆದರೆ ನೋಡುವವರು ತಯಾರಾಗಿ ಕೂರುತ್ತಾರೆ.

6. ನಿಮ್ಮ ಕೆಲಸಕ್ಕೆ ನೀವೇ ಬೇಲಿ ಹಾಕಿಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರ್ಯಾಂಡ್ ಕೆಫೆಯಲ್ಲಿ ಲೂಮಿಯೇರ್ ಸಹೋದರರು ತೋರಿಸಿದ ಹತ್ತು ಚಿತ್ರಗಳಲ್ಲಿ ಯಾವುದೂ ಪೂರ್ತಿ ಒಂದು ನಿಮಿಷದ್ದಲ್ಲ. ಅವರ ಕ್ಯಾಮೆರಾದಲ್ಲಿ ಅಷ್ಟೇ ಫಿಲಂ ಹಿಡಿಯುತ್ತಿತ್ತು. ಯೂಟ್ಯೂಬಿನ ಮೊದಲ ವಿಡಿಯೊ, 2005ರ ಏಪ್ರಿಲ್ 23ರದ್ದು, 19 ಸೆಕೆಂಡು. ಅದರ ಸ್ಥಾಪಕರಲ್ಲೊಬ್ಬರಾದ ಜಾವೆದ್ ಕರೀಂ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಅವುಗಳ ಸೊಂಡಿಲು ಉದ್ದ ಎನ್ನುತ್ತಾರೆ, ಮುಗಿಯಿತು. ಮೊಬೈಲಿನಲ್ಲಿ ಈಗ ಫಿಲಂ ಮುಗಿಯುವ ಭಯವಿಲ್ಲ. ಶುರುಮಾಡಿದ ಕೆಲಸ ಕೊನೆ ಕಾಣದಿರಲು ಅದೂ ಒಂದು ಕಾರಣ.

ಆದ್ದರಿಂದ ಬೇಲಿ ಹಾಕಿ. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರಲ್ಲಿ ಶುರುಮಾಡಿದ ‘ಇಂಕ್‌ಟೋಬರ್’ಗೆ ನಿಯಮ ಒಂದೇ: ಅಕ್ಟೋಬರ್ ತಿಂಗಳಿಡೀ ದಿನಕ್ಕೊಂದು ಶಾಯಿಯ ಚಿತ್ರ. ಸೀಸರ್ ಕುರಿಯಾಮ ಎಂಬಾತ ದಿನಕ್ಕೆ ಒಂದೇ ಸೆಕೆಂಡಿನ ವಿಡಿಯೊ ಜೋಡಿಸುತ್ತ ಹೋದ. ಈ ಲೆಕ್ಕದಲ್ಲಿ ಒಂದು ವರ್ಷ ಆರು ನಿಮಿಷ ಐದು ಸೆಕೆಂಡಿಗೆ ಇಳಿಯುತ್ತದೆ. ನಿಮ್ಮ ಮಗು ನಡೆಯಲು ಕಲಿತ ವರ್ಷವನ್ನು ಹೀಗೆ ಹಿಡಿದಿಟ್ಟರೆ ಅಜ್ಜಿ ಅದನ್ನು ಎಷ್ಟು ಸಲ ಹಾಕಿಸಿಕೊಂಡಾಳೋ!

ಮೊಬೈಲನ್ನು ಸ್ಟೂಲಿಗೆ ಬಿಗಿದು ಸ್ಟಾಪ್ ಮೋಷನ್ನನ್ನೂ ಮಾಡಬಹುದು. ಅಂಗಳದ ರಂಗೋಲಿ ತಾನಾಗಿ ಬಿಡಿಸಿಕೊಳ್ಳುವಂತೆ ಕಾಣಬೇಕೆ? ಸೆಕೆಂಡಿಗೆ 12 ಫೋಟೊ ಎಂದುಕೊಳ್ಳಿ, ಹತ್ತು ಸೆಕೆಂಡಿಗೆ 120. ಒಂದೊಂದು ಎಳೆ ಸ್ವಲ್ಪ ಮುಂದುವರಿದಂತೆ ಕೈ ಹಿಂದೆ ತೆಗೆದು ಒಂದೊಂದು ಫೋಟೊ. ಭಾನುವಾರದ ಒಂದು ಬೆಳಿಗ್ಗೆ ಸಾಕು. ನೆರಳು ಜರುಗುವ ಮೊದಲು ಮುಗಿಸಿ, ಇಲ್ಲವಾದರೆ ರಂಗೋಲಿಯ ಜೊತೆ ಮಾವಿನ ಮರದ ನೆರಳೂ ಓಡುತ್ತದೆ. ಹಾಗೆ ಓಡಿದರೂ ಚೆಂದವೇ.

ವಿಷಯ ಸಿಗುವುದಿಲ್ಲ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಚನ್ನಪಟ್ಟಣದ ಗೊಂಬೆ ಮಾಡುವವರು ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣ ಹತ್ತುತ್ತದೆ. ಇಪ್ಪತ್ತು ಸೆಕೆಂಡಿಗೆ ಅಷ್ಟು ಸಾಲದೆ? ಮಲೆನಾಡಿನ ಮನೆಯಲ್ಲಿ ಅಡಿಕೆ ಸುಲಿಯುವ ಕೈ, ಬಿಸಿಲಲ್ಲಿ ಹಪ್ಪಳ ಸೊಟ್ಟಗಾಗುವುದು, ದರ್ಜಿ ಸೂಜಿಗೆ ದಾರ ಪೋಣಿಸುವ ಗಳಿಗೆ – ಇವಕ್ಕೆ ಮುಖವೂ ಬೇಡ, ಮಾತೂ ಬೇಡ.

7. ಸಿನಿಮಾ ಹಾಡು ಅಂಟಿಸಬೇಡಿ

ಹಕ್ಕುಸ್ವಾಮ್ಯದ ತಕರಾರು ಬರಬಹುದು ಎನ್ನುವುದು ಒಂದು. ಅದಕ್ಕಿಂತ, ಎಲ್ಲರ ವಿಡಿಯೊಗೂ ಅದೇ ಹಾಡು ಇರುತ್ತದೆ. ದೋಸೆ ಕಾವಲಿಯ ‘ಚುಯ್’ ಸದ್ದಿಗೆ ಸಾಟಿಯಾದ ಹಿನ್ನೆಲೆ ಸಂಗೀತ ಇನ್ನೂ ಹುಟ್ಟಿಲ್ಲ. ಫ್ಯಾನ್ ಆಫ್ ಮಾಡಿ, ಫೋನ್ ಹತ್ತಿರ ಹಿಡಿಯಿರಿ. ಸಂಗೀತ ಬೇಕೇ ಬೇಕೆಂದರೆ ಯೂಟ್ಯೂಬ್ ಉಚಿತವಾಗಿ ಕೊಡುವ ಆಡಿಯೊ ಲೈಬ್ರರಿ ಇದೆ.

8. ಕೇಳಿ ತೋರಿಸಿ

ಮುಖ ಕಾಣುವುದಾದರೆ ಒಂದು ಮಾತು ಕೇಳಿ. ಮಕ್ಕಳದ್ದಾದರೆ ತಂದೆತಾಯಿಯನ್ನು. ಬೇರೆಯವರ ಮಗು ಅಳುವುದು ನಿಮಗೆ ತಮಾಷೆಯಾದರೂ ಹಂಚುವ ಸರಕಲ್ಲ.

9. ಮುಗಿಸಿ, ತೋರಿಸಿ, ಕಾಪಿ ಇಟ್ಟುಕೊಳ್ಳಿ

ಮೈಸೂರಿನಲ್ಲಿ ವೈದ್ಯಕೀಯ ಓದಿದ ಚಿದಾನಂದ ಎಸ್. ನಾಯ್ಕ್, ಆಮೇಲೆ ಸಿನಿಮಾ ಕಲಿಸುವ ಪುಣೆಯ ಎಫ್‌ಟಿಐಐ ಸೇರಿ, ಕೋಳಿ ಕದ್ದ ಅಜ್ಜಿಯ ಜನಪದ ಕಥೆಯೊಂದನ್ನು ಕನ್ನಡದಲ್ಲೇ ಕಿರುಚಿತ್ರ ಮಾಡಿದರು. ಕೋರ್ಸಿನ ಕೊನೆಯ ಅಭ್ಯಾಸಕ್ಕೆಂದು ಮಾಡಿದ್ದು, ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕು ದಿನ, ಚಿತ್ರ 16 ನಿಮಿಷದ್ದು. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ನಮ್ಮ ರಂಗೋಲಿ ಕಾನ್‌ಗೆ ಹೋಗಬೇಕಿಲ್ಲ. ಮುಗಿದರೆ ಸಾಕು. ಮುಗಿದದ್ದನ್ನು ಇಬ್ಬರಿಗೆ ತೋರಿಸಿ, ‘ಹೇಗಿದೆ’ ಎನ್ನುವ ಬದಲು ‘ಎಲ್ಲಿ ಬೇಜಾರಾಯಿತು’ ಎಂದು ಕೇಳಿ. ಮೊದಲ ಪ್ರಶ್ನೆಗೆ ಹೊಗಳಿಕೆ ಬರುತ್ತದೆ, ಎರಡನೆಯದಕ್ಕೆ ಉತ್ತರ.

ಆಮೇಲೆ ಮೂಲ ಫೈಲನ್ನು ಮೊಬೈಲ್ ಬಿಟ್ಟು ಇನ್ನೊಂದು ಕಡೆಯೂ ಇಡಿ. ಆರು ಸೆಕೆಂಡಿನ ವಿಡಿಯೊಗಳಿಗೆ ಹೆಸರಾಗಿದ್ದ ವೈನ್ 2017ರಲ್ಲಿ ಬಾಗಿಲು ಹಾಕಿತು. ಟಿಕ್‌ಟಾಕನ್ನು ಭಾರತ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದಾಗ, ಹಳ್ಳಿಹಳ್ಳಿಯ ಎಷ್ಟೋ ಜನರ ಕೆಲಸ ಅವರ ಕೈಗೇ ಎಟುಕದಂತಾಯಿತು. ಫೋನಿನಲ್ಲಿ ಪ್ರತಿ ಇಟ್ಟುಕೊಂಡವರದ್ದು ಮಾತ್ರ ಉಳಿಯಿತು.