ಗಬ್ಬೂರಿನ ಮೇಲಿನ ಸಂಶೋಧನೆ ಗಬ್ಬೂರಿಗೆ ಸಿಗಬೇಕಾದರೆ

ಪ್ರಶ್ನೆ: ನಮ್ಮೂರಿನ ಗುಡಿ, ಶಾಸನಗಳ ಮೇಲೆ ಪಿಎಚ್.ಡಿ. ಮಾಡಬೇಕೆಂದಿದ್ದೇನೆ. ಹಿಂದಿನವರು ಬರೆದದ್ದನ್ನು ನೋಡಲು ಪ್ರತಿ ಸಲ ಕಲಬುರಗಿಗೆ ಹೋಗಬೇಕೇ? ಇದರಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯ ಏನು ಮಾಡಬಹುದು?
– ಓದುಗರೊಬ್ಬರು, ಗಬ್ಬೂರು, ದೇವದುರ್ಗ ತಾಲ್ಲೂಕು

ಉತ್ತರ: ಮೊದಲ ಹುಡುಕಾಟಕ್ಕೆ ಬಸ್ಸು ಹತ್ತಬೇಕಿಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರ ‘ಶೋಧಗಂಗಾ’ವನ್ನು ಮೊಬೈಲಿನಲ್ಲೇ ತೆರೆಯಿರಿ. ಪಿಎಚ್.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿ ಒಪ್ಪಿಸಬೇಕೆಂದು ಯುಜಿಸಿ 2009ರಲ್ಲೇ ನಿಯಮ ಮಾಡಿದೆ. ರಾಯಚೂರು ವಿಶ್ವವಿದ್ಯಾಲಯ ಶುರುವಾಗುವ ತನಕ ನಮ್ಮ ಜಿಲ್ಲೆ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. ಹಾಗಾಗಿ ಆ ಹೆಸರಿನಡಿ ಮೊದಲು ನೋಡಿ.

ಆದರೆ ‘ಗಬ್ಬೂರು’ ಎಂದು ಒತ್ತಿ ಏನೂ ಬಾರದಿದ್ದರೆ ನಿರಾಶರಾಗಬೇಡಿ. ಎಷ್ಟೋ ಕನ್ನಡ ಪ್ರಬಂಧಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿವೆ, ಇಲ್ಲವೇ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿವೆ. ಕಣ್ಣಿಗೆ ಕನ್ನಡವಾಗಿ ಕಾಣುವ ಆ ಅಕ್ಷರ ಹುಡುಕುವ ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆ. ಊರು, ತಾಲ್ಲೂಕು, ರಾಜವಂಶದ ಹೆಸರುಗಳನ್ನು ಇಂಗ್ಲಿಷಿನಲ್ಲೂ ಹಾಕಿ ನೋಡಿ.

ಗ್ರಂಥಪಾಲಕರ ಕೈಗುಣ ಕಾಣಬೇಕಾದದ್ದು ಇಲ್ಲೇ. ವಿಶ್ವವಿದ್ಯಾಲಯ ತನ್ನವರ ಪ್ರಬಂಧ, ಲೇಖನ, ವರದಿಗಳನ್ನು ತಾನೇ ಕಾಪಿಡುವ ಆನ್‌ಲೈನ್ ಭಂಡಾರಕ್ಕೆ ಸಾಂಸ್ಥಿಕ ರೆಪಾಸಿಟರಿ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ಇಪ್ರಿಂಟ್ಸ್’ ಹೆಸರಿನಲ್ಲಿ ಇದನ್ನು 2002ರಲ್ಲೇ ಆರಂಭಿಸಿತು. ಮೈಸೂರು ವಿಶ್ವವಿದ್ಯಾಲಯದ ‘ವಿದ್ಯಾನಿಧಿ’ ಯೋಜನೆಯೂ ಆ ಹೊತ್ತಿನದೇ. ಡಿಸ್ಪೇಸ್‌ನಂತಹ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕೊರತೆ ಇರುವುದು ಒಂದೊಂದು ಕಡತಕ್ಕೂ ಕನ್ನಡದಲ್ಲಿ ಊರಿನ ಹೆಸರು, ಕಾಲ, ವಿಷಯ ಬರೆದಿಡುವ ತಾಳ್ಮೆಯ ಸಿಬ್ಬಂದಿಯದು. ಸರ್ವರ್ ಖರೀದಿಗಿಂತ ಮೊದಲು ಆ ಹುದ್ದೆ ತುಂಬಬೇಕು ಎಂಬುದು ನನ್ನ ಗಟ್ಟಿ ನಿಲುವು.

ಇನ್ನೊಂದು ಮಾತು. ಪ್ರಬಂಧ ಉಳಿದರೂ ಅದರ ಹಿಂದಿನ ಸಾಮಗ್ರಿ ಸಂಶೋಧಕರ ಮನೆಯ ಟ್ರಂಕಿನಲ್ಲೇ ಹಾಳಾಗುತ್ತದೆ. ಶಾಸನದ ಪಡಿಯಚ್ಚು, ಗುಡಿಯ ಫೋಟೊ, ಹಿರಿಯರ ಮಾತಿನ ಧ್ವನಿಮುದ್ರಣ ಎಲ್ಲವನ್ನೂ ಗ್ರಂಥಾಲಯ ಕೇಳಿ ಪಡೆಯಬೇಕು. ಮಾತನಾಡಿದವರ ಒಪ್ಪಿಗೆಯನ್ನೂ ಜೊತೆಗಿಡಬೇಕು. ಪತ್ರಿಕೆಯಲ್ಲಿ ಬಂದ ಲೇಖನದ ಯಾವ ಪ್ರತಿಯನ್ನು, ಎಷ್ಟು ತಿಂಗಳ ನಂತರ ತೆರೆದಿಡಬಹುದೆಂದು ಪ್ರಕಾಶಕರ ನಿಯಮ ನೋಡಿ ಹೇಳುವುದೂ ಗ್ರಂಥಪಾಲಕರದೇ ಕೆಲಸ.

ನೀವು ನೋಂದಣಿಯಾದ ವಾರವೇ ಗ್ರಂಥಪಾಲಕರನ್ನು ಕಾಣಿ. ಮೊದಲ ಅಧ್ಯಾಯದಿಂದಲೇ ಯೂನಿಕೋಡಿನಲ್ಲಿ ಬರೆಯಿರಿ. ಪ್ರತಿ ಫೋಟೊದ ಕಡತಕ್ಕೂ ಗುಡಿಯ ಹೆಸರು, ತೆಗೆದ ದಿನಾಂಕ ಹಾಕಿ.