ನಿಂತಲ್ಲಿಯೇ ತೂಗುವ ದೇಹ

ನಿಲ್ಲುವುದೆಂದರೆ ಅಲುಗದಿರುವುದೆಂದು ನಾವು ಭಾವಿಸುವೆವು. ವಾಸ್ತವವಾಗಿ ನಿಂತವರ ದೇಹವು ಸದಾ ಕಿಂಚಿತ್ತು ವಾಲುತ್ತಲೂ, ವಾಲಿದುದನ್ನು ತಿದ್ದಿಕೊಳ್ಳುತ್ತಲೂ ಇರುವುದು. ದೇಹದ ಭಾರಕೇಂದ್ರವು ಹೊಕ್ಕುಳಿಗಿಂತ ತುಸು ಕೆಳಗೆ, ಒಳಭಾಗದಲ್ಲಿರುವುದು. ಅದು ಪಾದಗಳು ಆವರಿಸಿದ ನೆಲದ ನೇರಕ್ಕೆ ಇರುವವರೆಗೆ ನಾವು ನಿಲ್ಲಬಲ್ಲೆವು. ಅದನ್ನು ಮೀರಿದರೆ ಹೆಜ್ಜೆಯಿಡಬೇಕು, ಇಲ್ಲವೆ ಬೀಳಬೇಕು.

ಇದನ್ನು ಗೋಡೆಯ ಸಮೀಪದಲ್ಲಿ ನಿಂತು, ಬೇಕೆಂದೇ ತೂಗಿ ಪರೀಕ್ಷಿಸಬಹುದು.

1. ಮಂಡಿಯನ್ನು ಬಾಗಿಸದೆ ಮೆಲ್ಲನೆ ಹಿಂದುಮುಂದಾಗಿ ತೂಗಿರಿ. ದೇಹವೆಲ್ಲ ಒಂದೇ ಕೋಲಿನಂತೆ ವಾಲುವುದು. ಆಗ ಮುಖ್ಯವಾಗಿ ತಿರುಗುವುದು ಹರಡಿನ ಕೀಲು, ಅಂದರೆ ಕಾಲು ಪಾದವನ್ನು ಕೂಡುವ ಸ್ಥಳ. ಮುಂದಕ್ಕೆ ವಾಲಿದಾಗ ಮೀನಖಂಡವು ಬಿಗಿದು ದೇಹವನ್ನು ಹಿಂದಕ್ಕೆಳೆಯುವುದು.

2. ವೇಗವನ್ನು ಹೆಚ್ಚಿಸಿರಿ. ಈಗ ಸೊಂಟದ ಕೀಲು ಕೆಲಸಕ್ಕೆ ಬರುವುದು. ಎದೆ ಮುಂದೆ ಹೋದರೆ ಸೊಂಟವು ಹಿಂದೆ ಸರಿಯುವುದು.

3. ಪಾದಗಳನ್ನು ಅಗಲಿಸಿ ಪಕ್ಕಕ್ಕೆ ತೂಗಿರಿ. ಭಾರವು ಒಂದು ಕಾಲಿನಿಂದ ಮತ್ತೊಂದಕ್ಕೆ ಹೋಗುವುದು. ಇದು ಬಹುಮಟ್ಟಿಗೆ ಸೊಂಟದ ಸ್ನಾಯುಗಳ ಕಾರ್ಯ.

ಅಮೆರಿಕದ ಹೋರಾಕ್ ಮತ್ತು ನ್ಯಾಶ್ನರ್ ಎಂಬ ವಿಜ್ಞಾನಿಗಳು, ಪಾದಕ್ಕಿಂತ ಕಿರಿದಾದ ಆಧಾರದ ಮೇಲೆ ನಿಂತವರು ಹರಡಿಗಿಂತ ಸೊಂಟವನ್ನೇ ಹೆಚ್ಚಾಗಿ ನೆಚ್ಚುವರೆಂದು 1986ರಲ್ಲಿ ತೋರಿಸಿದರು.

ಕೀಲುಗಳಿಗೆ ಸಮಾಚಾರ ತರುವವರು ಮೂವರು: ಕಣ್ಣು, ಒಳಕಿವಿ, ಮತ್ತು ಅಂಗಾಲು ಮೊದಲ್ಗೊಂಡು ಸ್ನಾಯು ಕೀಲುಗಳಲ್ಲಿರುವ ಸ್ಪರ್ಶಜ್ಞಾನ. ಕಾಲಿನ ಅರಿವು ಕುಂದಿದವರು ಕಣ್ಣು ಮುಚ್ಚಿದೊಡನೆ ತೂರಾಡುವರೆಂಬುದನ್ನು 19ನೆಯ ಶತಮಾನದ ಮಧ್ಯದಲ್ಲಿ ಬರ್ಲಿನ್ನಿನ ವೈದ್ಯ ರೋಂಬೆರ್ಗ್ ವಿವರಿಸಿದನು. ಆ ಪರೀಕ್ಷೆಯನ್ನು ವೈದ್ಯರು ಇಂದಿಗೂ ಮಾಡುವರು.

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಂಥ ಊರುಗಳಲ್ಲಿ, ತಲೆಯ ಮೇಲೆ ಸಿಂಬೆಯಿಟ್ಟು ನೀರಿನ ಕೊಡ ಹೊತ್ತು ಬರುತ್ತಿದ್ದ ಹೆಣ್ಣುಮಕ್ಕಳಿಗೆ ಈ ಪಾಠ ಪುಸ್ತಕವಿಲ್ಲದೆಯೇ ತಿಳಿದಿತ್ತು. ತುಂಬಿದ ಕೊಡವು ಭಾರಕೇಂದ್ರವನ್ನು ಮೇಲಕ್ಕೇರಿಸುವುದರಿಂದ ಅಲ್ಪವಾಗಿ ವಾಲಿದರೂ ಅಪಾಯ ಹೆಚ್ಚು. ಆದುದರಿಂದ ಅವರು ತಲೆಯನ್ನೂ ಬೆನ್ನನ್ನೂ ನೆಟ್ಟಗಿರಿಸಿ, ಸೊಂಟ, ಮಂಡಿ, ಹರಡುಗಳಿಂದಲೇ ಓಲಾಟವನ್ನು ಸರಿದೂಗಿಸುತ್ತಿದ್ದರು.

ಅದೇ ಹೆಣ್ಣುಮಕ್ಕಳು ವೃದ್ಧರಾದಾಗ ಕಣ್ಣು ಮಂಜಾಗುವುದು, ಅಂಗಾಲಿನ ಅರಿವು ತಗ್ಗುವುದು, ಹರಡು ಬಿಗಿಯುವುದು. ಆಗ ಕತ್ತಲೆಯ ಬಚ್ಚಲಿನಲ್ಲಿ ಒಮ್ಮೆ ಜಾರಿದರೆ ಸೊಂಟದ ಮೂಳೆ ಮುರಿಯಬಹುದು. "ನೋಡಿ ನಡೆಯಬಾರದೇ?" ಎಂದು ಅವರನ್ನು ಗದರುವುದು ನ್ಯಾಯವಲ್ಲ; ಸಮಾಚಾರ ತರುವವರೇ ದಣಿದಿರುವರು. ರಾತ್ರಿ ದೀಪವಿರಲಿ, ನೆಲ ಒಣಗಿರಲಿ, ಹಿಡಿಯಲು ಗೋಡೆಯಲ್ಲೊಂದು ಗಟ್ಟಿಯಾದ ಹಿಡಿಯಿರಲಿ. ಭದ್ರವಾದ ಆಸರೆಯನ್ನು ಹಿಡಿದು, ಸಮೀಪದಲ್ಲಿ ಒಬ್ಬರಿರುವಾಗ, ದಿನವೂ ಕೆಲವು ನಿಮಿಷ ಮೆಲ್ಲನೆ ತೂಗುವ ಅಭ್ಯಾಸವನ್ನು ಅವರಿಗೆ ಮಾಡಿಸಿರಿ. ನಡೆಯಲು ನಮಗೆ ಕಲಿಸಿದವರು ಬೀಳದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕರ್ತವ್ಯ.