ಮಳೆಯ ಹರಿನೀರು: ಶೋಧನೆ ಹಾಗೂ ಪರೀಕ್ಷಣೆ

ಮುಗಿಲಿನಿಂದ ಇಳಿಯುವ ನೀರು ಬಹುಮಟ್ಟಿಗೆ ನಿರ್ಮಲವಾದುದು. ಅದು ಹೆಚ್ಚಾಗಿ ಮಲಿನವಾಗುವುದು ನೆಲವನ್ನು ಮುಟ್ಟಿದ ಅನಂತರ. ಹದವಾದ ಹೊಲದಲ್ಲಿ ಬಿದ್ದ ಮಳೆಯ ಬಹುಪಾಲನ್ನು ಮಣ್ಣೇ ಹೀರಿಕೊಳ್ಳುತ್ತದೆ. ನಗರದಲ್ಲಿ ಡಾಂಬರು, ಕಾಂಕ್ರೀಟು, ತಾರಸಿಗಳು ಅದಕ್ಕೆ ಆಸ್ಪದ ಕೊಡುವುದಿಲ್ಲ. ಒಂದು ಹೆಕ್ಟೇರು ವಿಸ್ತಾರದ ಡಾಂಬರು ನೆಲದ ಮೇಲೆ 25 ಮಿಲಿಮೀಟರು ಮಳೆ ಬಿದ್ದರೆ ಸೇರುವ ನೀರು 250 ಘನಮೀಟರು, ಎಂದರೆ ಎರಡೂವರೆ ಲಕ್ಷ ಲೀಟರು. ಬ್ರೇಕುಗಳಿಂದ ಉದುರಿದ ತಾಮ್ರದ ಪುಡಿ, ಸವೆದ ಟೈರಿನ ಕಣಗಳು, ಎಂಜಿನ್ನಿನ ಎಣ್ಣೆ, ಸತುವಿನ ಲೇಪವುಳ್ಳ ತಗಡಿನಿಂದ ಕರಗಿದ ಸತು, ದನ ನಾಯಿಗಳ ಮಲ ಇವೆಲ್ಲವನ್ನೂ ಹೊತ್ತುಕೊಂಡು ಈ ನೀರು ಸಮೀಪದ ಕೆರೆಯನ್ನೋ ತೊರೆಯನ್ನೋ ಸೇರುತ್ತದೆ.

ಕಾರ್ಖಾನೆಯ ಕೊಳವೆಯಂತೆ ಇದಕ್ಕೆ ಒಂದೇ ಬಾಯಿಯಿಲ್ಲ. ಆದುದರಿಂದಲೇ ಇದು ಬಹುಕಾಲ ಯಾರ ಗಮನಕ್ಕೂ ಬೀಳಲಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ 1972ರ ಶುದ್ಧಜಲ ಕಾಯಿದೆಯು ಮೊದಲು ಹಿಡಿತಕ್ಕೆ ತಂದದ್ದು ಕಾರ್ಖಾನೆಗಳ ಮತ್ತು ಚರಂಡಿಗಳ ಕೊಳವೆಗಳನ್ನು. 1979ರಿಂದ 1983ರವರೆಗೆ ಅಲ್ಲಿ 28 ಕಡೆಗಳಲ್ಲಿ ನಡೆದ ಅಳತೆಗಳು ಬೀದಿಯ ಮಳೆನೀರಿನ ಹೊರೆ ಎಷ್ಟೆಂಬುದನ್ನು ತೋರಿಸಿದ ಮೇಲೆ, 1987ರ ತಿದ್ದುಪಡಿಯು ಅದನ್ನೂ ಕಾನೂನಿನ ಪರಿಧಿಯೊಳಕ್ಕೆ ತಂದಿತು.

ಇಂಥ ನೀರನ್ನು ತಿಳಿಗೊಳಿಸುವ ಅತ್ಯಂತ ಸರಳ ಉಪಾಯವೆಂದರೆ ಅದನ್ನು ಕೊಳದಲ್ಲಿ ನಿಲ್ಲಿಸುವುದು. ಆದರೆ ಎಷ್ಟು ಹೊತ್ತು? ಸ್ಟೋಕ್ಸನ ಸೂತ್ರದ ಪ್ರಕಾರ ಕಣವು ತಳಕ್ಕಿಳಿಯುವ ವೇಗವು ಅದರ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. 0.1 ಮಿಲಿಮೀಟರಿನ ಮರಳಿನ ಕಣವು ಒಂದು ಮೀಟರು ಇಳಿಯಲು ಸುಮಾರು ಎರಡು ನಿಮಿಷ ಸಾಕು. ಅದರ ಹತ್ತನೆಯ ಒಂದರಷ್ಟು ವ್ಯಾಸದ ಕಣಕ್ಕೆ ಮೂರು ಗಂಟೆ ಬೇಕು. ಮತ್ತೂ ಹತ್ತು ಪಟ್ಟು ಸಣ್ಣದಾದ ಜೇಡಿಯ ಕಣಕ್ಕೆ ಹೆಚ್ಚುಕಡಿಮೆ ಹದಿಮೂರು ದಿನ! ಲೋಹಗಳು ಮುಖ್ಯವಾಗಿ ಅಂಟಿಕೊಳ್ಳುವುದು ಈ ಸೂಕ್ಷ್ಮಕಣಗಳಿಗೇ ಎಂಬುದು ಇಲ್ಲಿರುವ ತೊಡಕು. ಹೊಲದ ಮಣ್ಣನ್ನು ಗಾಜಿನ ಜಾಡಿಯ ನೀರಿನಲ್ಲಿ ಕದಡಿಟ್ಟು ಮರುದಿನ ನೋಡಿದರೆ ವಿದ್ಯಾರ್ಥಿಗಳಿಗೆ ಇದು ಸೂತ್ರವಿಲ್ಲದೆಯೇ ಅರ್ಥವಾಗುತ್ತದೆ.

ಆದುದರಿಂದ ಕೊಳದ ಜತೆಗೆ ಸೋಸುವಿಕೆಯೂ ಬೇಕಾಯಿತು. 1990ರ ದಶಕದ ಆರಂಭದಲ್ಲಿ ಮೇರಿಲೆಂಡಿನ ಪ್ರಿನ್ಸ್ ಜಾರ್ಜ್ಸ್ ಕೌಂಟಿಯಲ್ಲಿ ರೂಪುಗೊಂಡ ಶೋಧಕ ಪಾತಿಯು ಇಂಥದು. ರಸ್ತೆಯ ಬದಿಯಲ್ಲಿ ತಗ್ಗು ತೋಡಿ, ಮರಳು ಗೊಬ್ಬರಗಳ ಮಿಶ್ರಣವನ್ನು ತುಂಬಿ, ಗಿಡಗಳನ್ನು ನೆಟ್ಟು, ಅಡಿಯಲ್ಲಿ ಜಲ್ಲಿಯನ್ನೂ ಹೊರಹರಿವಿನ ಕೊಳವೆಯನ್ನೂ ಇಡುತ್ತಾರೆ. ಮಣ್ಣು ಸೂಕ್ಷ್ಮಕಣಗಳನ್ನು ತಡೆಯುತ್ತದೆ. ಗೊಬ್ಬರದ ಸಾವಯವ ಅಂಶವು ಕರಗಿದ ಲೋಹವನ್ನೂ ಎಣ್ಣೆಯನ್ನೂ ಹಿಡಿದಿಡುತ್ತದೆ. ಬೇರುಗಳು ಮಣ್ಣನ್ನು ಸಡಿಲವಾಗಿರಿಸುತ್ತವೆ.

ಕಟ್ಟಿದ್ದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಕಟ್ಟುವುದಕ್ಕಿಂತಲೂ ಕಷ್ಟ. ಲೆಕ್ಕಕ್ಕಾಗಿ ಒಂದು ಮಳೆಯನ್ನು ಊಹಿಸಿಕೊಳ್ಳೋಣ. ಮೊದಲು 20 ಘನಮೀಟರು ನೀರು ಲೀಟರಿಗೆ 600 ಮಿಲಿಗ್ರಾಂ ಕೆಸರಿನೊಡನೆ ಬಂದಿತು. ಆಮೇಲೆ 80 ಘನಮೀಟರು 150ರಂತೆ. ಕಡೆಗೆ 100 ಘನಮೀಟರು 50ರಂತೆ. ಮೂರು ಶೀಸೆಗಳ ಸರಾಸರಿ 267. ಆದರೆ ಬಂದ ಕೆಸರು 12, 12 ಮತ್ತು 5, ಒಟ್ಟು 29 ಕಿಲೋಗ್ರಾಂ; ಅದನ್ನು 200 ಘನಮೀಟರಿನಿಂದ ಭಾಗಿಸಿದರೆ ನಿಜವಾದ ಸರಾಸರಿ 145 ಮಾತ್ರ. ಹರಿವನ್ನು ಅಳೆಯದೆ ಶೀಸೆ ತುಂಬಿದವನ ವರದಿಗೆ ಬೆಲೆಯಿಲ್ಲ. ಹತ್ತನೆಯ ಒಂದು ಭಾಗದಷ್ಟಿರುವ ಮೊದಲ ನೀರೇ ಐದನೆಯ ಎರಡು ಭಾಗ ಕೆಸರನ್ನು ತಂದಿರುವುದನ್ನೂ ಇಲ್ಲಿ ಗಮನಿಸಬೇಕು. ಮಳೆಕೊಯ್ಲಿನಲ್ಲಿ ತಾರಸಿಯ ಮೊದಲ ನೀರನ್ನು ಹೊರಬಿಡುವ ಪದ್ಧತಿಗೆ ಇದೇ ಕಾರಣ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಗಹನವಾದುದು: ಶೀಸೆಯಲ್ಲಿ ಏನನ್ನು ಹುಡುಕಬೇಕು? ಅಮೆರಿಕದ ಸಿಯಾಟಲ್ ನಗರದ ತೊರೆಗಳಿಗೆ ಶರತ್ಕಾಲದಲ್ಲಿ ಕೋಹೋ ಸಾಲ್ಮನ್ ಎಂಬ ಮೀನುಗಳು ಮೊಟ್ಟೆಯಿಡಲೆಂದು ಸಮುದ್ರದಿಂದ ಹಿಂದಿರುಗುತ್ತವೆ. ಮಳೆ ಸುರಿದೊಡನೆ ಅವು ದಿಕ್ಕುಗೆಟ್ಟು ಸುತ್ತಿ, ಕೆಲವೇ ಗಂಟೆಗಳಲ್ಲಿ, ಮೊಟ್ಟೆಗಳು ಒಡಲಲ್ಲಿರುವಂತೆಯೇ ಸಾಯುತ್ತಿದ್ದವು. ಕೆಲವು ತೊರೆಗಳಲ್ಲಿ ಬಂದ ಮೀನುಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು ಹೀಗೆ ಅಳಿದವು. ತಿಳಿದಿದ್ದ ಲೋಹಗಳನ್ನೂ ಎಣ್ಣೆಯ ಅಂಶಗಳನ್ನೂ ಪ್ರಯೋಗಶಾಲೆಯಲ್ಲಿ ಬೆರೆಸಿ ಕೊಟ್ಟರೆ ಮೀನುಗಳು ಸಾಯಲಿಲ್ಲ; ಹೆದ್ದಾರಿಯ ನೀರನ್ನು ಕೊಟ್ಟರೆ ಸತ್ತವು. ಅದೇ ನೀರನ್ನು ಮರಳು ಗೊಬ್ಬರಗಳ ಮಣ್ಣಿನಲ್ಲಿ ಸೋಸಿ ಕೊಟ್ಟಾಗ ಅವು ಬದುಕಿದವೆಂದು 2015ರಲ್ಲಿ ಪ್ರಕಟವಾಯಿತು. ಪರಿಹಾರವು ಕಾರಣಕ್ಕಿಂತ ಮುಂಚೆಯೇ ದೊರೆತದ್ದು ವಿಜ್ಞಾನದಲ್ಲಿ ಅಪರೂಪವೇನಲ್ಲ, ಆದರೂ ಇದು ಸೊಗಸಾದ ನಿದರ್ಶನ.

ಕಾರಣವು ಬೆಳಕಿಗೆ ಬಂದದ್ದು 2020ರ ಡಿಸೆಂಬರಿನಲ್ಲಿ. ಟೈರಿನ ರಬ್ಬರು ಬಿರಿಯದಿರಲೆಂದು ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕವು ವಾಯುವಿನ ಓಝೋನಿನೊಡನೆ ವರ್ತಿಸಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಲೀಟರು ನೀರಿನಲ್ಲಿ ಒಂದು ಮಿಲಿಗ್ರಾಮಿನ ಹತ್ತು ಸಾವಿರದಲ್ಲೊಂದು ಪಾಲು ಇದ್ದರೆ ಸಾಕು, ಕೋಹೋ ಮರಿಗಳಲ್ಲಿ ಅರ್ಧದಷ್ಟು ಸಾಯುತ್ತವೆ. ಅದೇ ತೊರೆಗಳ ಚಮ್ ಸಾಲ್ಮನ್ ಮೀನಿಗಾದರೋ ಇದರಿಂದ ಅಪಾಯವಿಲ್ಲ! ಅದುವರೆಗೆ ಈ ವಸ್ತುವಿನ ಹೆಸರು ಯಾವ ಪರೀಕ್ಷಾಪಟ್ಟಿಯಲ್ಲಿಯೂ ಇರಲಿಲ್ಲ. ಪಟ್ಟಿಯ ಪ್ರಕಾರ ಪರೀಕ್ಷಿಸಿದವನು ನೀರು ನಿರಪಾಯವೆಂದೇ ಬರೆಯಬಹುದಾಗಿತ್ತು. ರಾಸಾಯನಿಕ ಪರೀಕ್ಷೆಯ ಜತೆಗೆ ಜೀವಿಗಳನ್ನು ಇಟ್ಟು ನೋಡುವ ಪರೀಕ್ಷೆಯೂ ಅವಶ್ಯವೆಂದು ಈ ಲೇಖಕನು ಭಾವಿಸುವುದು ಈ ಕಾರಣದಿಂದಲೇ.

ಶೋಧಕ ಪಾತಿಗೂ ದೋಷಗಳಿವೆ. ಗೊಬ್ಬರ ಹೆಚ್ಚಾದ ಮಿಶ್ರಣವು ಲೋಹವನ್ನು ಹಿಡಿದರೂ ತನ್ನಲ್ಲಿರುವ ರಂಜಕವನ್ನೂ ನೈಟ್ರೇಟನ್ನೂ ಹೊರಬಿಡುತ್ತದೆ; ಕೆಳಗೆ ಕೆರೆಯಿದ್ದರೆ ಅಲ್ಲಿ ಪಾಚಿಗೆ ಅದೇ ಆಹಾರ. ಮೇಲ್ಪದರದಲ್ಲಿ ಹೂಳು ಕಟ್ಟಿದರೆ ನೀರು ಇಂಗದೆ ಉಕ್ಕಿ ಹರಿಯುತ್ತದೆ. ಆಗ ಆ ಪದರವನ್ನು ಕೆರೆದು ತೆಗೆಯಬೇಕು, ಅದಕ್ಕೆ ಪ್ರತಿವರ್ಷವೂ ಹಣ ಬೇಕು.

ನಮ್ಮ ಬೆಂಗಳೂರಿನಲ್ಲಿ ಸಮಸ್ಯೆಯ ಸ್ವರೂಪವೇ ಬೇರೆ. ಕೆರೆಯಿಂದ ಕೆರೆಗೆ ಮಳೆನೀರನ್ನು ಒಯ್ಯಬೇಕಾದ ರಾಜಕಾಲುವೆಗಳಲ್ಲಿ ಮನೆಗಳ ಕೊಳಚೆಯೂ ಹರಿಯುತ್ತದೆ. ಮಳೆಗಾಗಿ ಅಳತೆಮಾಡಿದ ಪಾತಿಯು ಹಗಲಿರುಳು ಬರುವ ಕೊಳಚೆಯನ್ನು ತಾಳದು. ಆದ್ದರಿಂದ ಇಲ್ಲಿ ಮೊದಲ ಮಾದರಿಯನ್ನು ತೆಗೆಯಬೇಕಾದುದು ಮಳೆಯ ದಿನದಲ್ಲಲ್ಲ, ಬಿರುಬೇಸಗೆಯಲ್ಲಿ. ವಾರಗಟ್ಟಲೆ ಮಳೆಯಿಲ್ಲದಿರುವಾಗಲೂ ಕಾಲುವೆಯಲ್ಲಿ ಹರಿವಿದ್ದರೆ, ಅದರ ಎದುರು ದಿಕ್ಕಿಗೆ ನಡೆಯುತ್ತ, ಒಂದೊಂದು ಕೊಳವೆಯ ಬಾಯಿಯನ್ನೂ ನೋಡುತ್ತ, ಆ ನೀರು ಎಲ್ಲಿಂದ ಬರುತ್ತಿದೆಯೆಂಬುದನ್ನು ಪತ್ತೆಹಚ್ಚಬೇಕು.